ಮಾವನ ಮೈಕು, ನನ್ನ ಫೈಲು

ನನ್ನ ಕಿವಿಗೆ ಆಗದ ಶಬ್ದ ಒಂದಿದೆ, ಫಾರ್ಮ್ಯಾಟ್. ದಹಿಸರ್ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದಾನೆ. ಯಂತ್ರ ನಿಧಾನವಾದರೂ ಅವನ ಬಳಿ ಇರುವುದು ಎಲ್ಲ ಅಳಿಸಿ ಹೊಸದಾಗಿ ತುಂಬುವ ಅದೇ ಮದ್ದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅದೇ ಮದ್ದು. “ಭಾಭೀ, ಫಾರ್ಮ್ಯಾಟ್ ಮಾರ್ನಾ ಪಡೇಗಾ” ಎಂದು ಅವನು ಹೇಳುವಾಗ ಮುಖದಲ್ಲಿ ಎಂಥದೋ ಒಂದು ಸಂತೋಷ ಇರುತ್ತದೆ. ಹೇಳಿ ಮುಗಿಸುವ ಮೊದಲೇ ಅವನ ಬೆರಳು ಕೀಲಿಯ ಮೇಲೆ ಇರುತ್ತದೆ.

ನಾನು ಮನೆಯಲ್ಲೇ ಕುಳಿತು ಕನ್ನಡ ಡಿಟಿಪಿ ಮಾಡುವವಳು. ಮುಂಬಯಿಯ ನಮ್ಮ ಕಡೆಯವರ ಮದುವೆಯ ಕರೆಯೋಲೆ, ಸಂಘಗಳ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಫಾರ್ಮ್ಯಾಟ್ ಆಗಿ ಯಂತ್ರ ಮನೆಗೆ ಬಂದಾಗಲೆಲ್ಲ ಕನ್ನಡದ ಅಕ್ಷರಗಳು ಮಾಯ, ಕೀಬೋರ್ಡು ಮಾಯ, ಪ್ರಿಂಟರಿಗೆ ನನ್ನ ಪರಿಚಯವೇ ಇಲ್ಲ. ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ ನಿಂತಿರುತ್ತವೆ. ಒಮ್ಮೆಯಂತೂ ಒಬ್ಬ ವರನ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಅಚ್ಚಾಗಿ ಬಂದವು. ವಧುವಿನ ತಂದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಯ ಸೋಫಾದಲ್ಲಿ ಬಂದು ಕುಳಿತರು. ಆವತ್ತು ನನ್ನ ಸಿಟ್ಟು ನೆತ್ತಿಗೇರಿತು.

ಸಿಟ್ಟನ್ನೆಲ್ಲ ಫೋನಿನಲ್ಲಿ ಮಗಳ ಮೇಲೆ ತೀರಿಸಿದೆ. ಅವಳು ಪವಾಯಿಯಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿಕೊಂಡು, ಅಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಮೂರು ಭಾಷೆಗಳನ್ನು ಒಂದೇ ಪಾತ್ರೆಗೆ ಸುರಿದು ಕಲಕುತ್ತಾಳೆ.

“ಅಮ್ಮಾ, ನೀನು ಅವನ ಹತ್ತಿರ ಹೋಗ್ಬೇಡ ನಾ. ನಾನು ಬೇರೆ ಸಿಸ್ಟಮ್ ಹಾಕಿ ಕೊಡ್ತೇನೆ. ಅದರಲ್ಲಿ ಒಂದು ಫೈಲ್ ಇರ್ತದೆ. ನಿನಗೆ ಕ್ಯಾ ಕ್ಯಾ ಬೇಕು, ಅದರಲ್ಲಿ ಬರಿ. ಬಸ್. ಅದು ಮಾಡಿ ಕೊಡ್ತದೆ.”

“ಹೇಗೆ ಮಾಡಬೇಕು ಅಂತ ಬರೆಯುವುದು ಬೇಡವಾ?”

“ಹೇಗೆ ಅಂತ ಅದರ ಟೆನ್ಶನ್. ನೀನು ಏನು ಬೇಕು ಅಂತ ಮಾತ್ರ ಹೇಳು.”

ಹೀಗೆ ನಮ್ಮ ಮನೆಗೆ ಲಿನಕ್ಸ್ ಕುಲದ ಒಂದು ವಿಚಿತ್ರ ಪ್ರಾಣಿ ಬಂತು. ಒಂದೇ ಒಂದು ಫೈಲು. ಅದರಲ್ಲಿ ಈ ಯಂತ್ರ ಹೇಗಿರಬೇಕೋ ಅದನ್ನು ಸಾಲಾಗಿ ಬರೆಯಬೇಕು: ಇಂಥ ಕನ್ನಡ ಅಕ್ಷರಗಳು ಇರಲಿ, ಇಂಥ ಕೀಬೋರ್ಡು ಇರಲಿ, ಪ್ರಿಂಟರು ಇರಲಿ. ಬರೆದು ಒಂದು ಆಜ್ಞೆ ಕೊಟ್ಟರೆ ಯಂತ್ರ ತನ್ನನ್ನು ತಾನೇ ಆ ಫೈಲಿನ ಪ್ರಕಾರ ಕಟ್ಟಿಕೊಳ್ಳುತ್ತದೆ. ಫೈಲಿನಲ್ಲಿ ಬರೆದದ್ದು ಯಂತ್ರದಲ್ಲಿ ಇರುತ್ತದೆ, ಬರೆಯದ್ದು ಇರುವುದಿಲ್ಲ. ನಾಳೆ ಯಂತ್ರ ಸುಟ್ಟುಹೋದರೂ ಹೊಸ ಯಂತ್ರಕ್ಕೆ ಅದೇ ಫೈಲು ತೋರಿಸಿದರೆ ಸಾಕು, ಅದು ಹಳೆಯದರ ಹಾಗೆಯೇ ಆಗಿ ಎದ್ದು ಕೂರುತ್ತದೆ.

ನನಗೆ ಇದು ಬೇಗ ಅರ್ಥವಾಯಿತು. ಹೋಟೆಲಿನವರ ಮನೆಗೆ ಸೊಸೆಯಾಗಿ ಬಂದವಳು ನಾನು. ಗಿರಾಕಿ ಬಂದು ‘ಒಂದು ಮಸಾಲೆ ದೋಸೆ, ಈರುಳ್ಳಿ ಬೇಡ’ ಅನ್ನುತ್ತಾನೆ. ಕಾವಲಿ ಕಾಯಿಸು, ಹಿಟ್ಟು ಹೊಯ್ಯಿ, ಮಗುಚಬೇಡ ಎಂದು ಅವನು ಹೇಳುವುದಿಲ್ಲ. ಅದು ಒಳಗಿನವರ ಕೆಲಸ. ಈ ಮಾತನ್ನು ನನ್ನ ಗಂಡನಿಗೆ ಬಹಳ ಹೆಮ್ಮೆಯಿಂದ ವಿವರಿಸಿದೆ. ಅವರು ದಾದರಿನಲ್ಲಿ ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಮಾತು ಕಡಿಮೆ. ಕೇಳಿ ಮುಗಿಸಿ ಅಂದರು, “ಇದರಲ್ಲಿ ಹೊಸತು ಎಂತ ಉಂಟು? ನೀನು ಮದುವೆಯಾದ ಲಾಗಾಯ್ತು ಈ ಮನೆ ನಡೆಸಿದ್ದೇ ಹೀಗೆ. ಎಂತ ಬೇಕು ಅಂತ ಮಾತ್ರ ಹೇಳುವುದು. ಹೇಗೆ ಅಂತ ನಾವು ನೋಡಿಕೊಳ್ಳಬೇಕು.”

ಮರುದಿನ ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಕಲಿಯುವುದು ಸುಲಭವಿರಲಿಲ್ಲ. ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ ಹಾಕಬೇಕು. ಒಂದನ್ನು ಮರೆತರೆ ಯಂತ್ರ ಮುನಿಸಿಕೊಂಡು ಪುಟಗಟ್ಟಲೆ ಇಂಗ್ಲಿಷು ಕಾರುತ್ತದೆ, ತಪ್ಪು ಎಲ್ಲಿದೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಇರುತ್ತದೆ. ಆದರೂ ಕೆಲವು ತಿಂಗಳಲ್ಲಿ ಆ ಫೈಲು ನನ್ನ ಹಿಡಿತಕ್ಕೆ ಬಂತು. ನಮ್ಮ ಬಿಲ್ಡಿಂಗಿನ ಹೆಂಗಸರು ಕೆಳಗೆ ಬೆಂಚಿನ ಮೇಲೆ ಕುಳಿತು ಸೀರಿಯಲ್ಲಿನ ಸುದ್ದಿ ಆಡುವಾಗ ನಾನು ನನ್ನ ಫೈಲಿನ ಸುದ್ದಿ ತೆಗೆಯುತ್ತಿದ್ದೆ. ಸ್ವಲ್ಪ ದಿನದಲ್ಲಿ ಬೆಂಚಿನಲ್ಲಿ ನನ್ನ ಅಕ್ಕಪಕ್ಕ ಧಾರಾಳ ಜಾಗ ಸಿಗತೊಡಗಿತು.

ಈ ಯಂತ್ರದಲ್ಲಿ ಇನ್ನೊಂದು ಸೊಗಸಿತ್ತು. ನಾವು ಹೊಸತಾಗಿ ಕಟ್ಟಿದಾಗಲೆಲ್ಲ ಅದು ಹಳೆಯ ಸ್ಥಿತಿಯನ್ನೂ ಒಂದು ಮೂಲೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಯಂತ್ರ ಹಚ್ಚಿದ ಕೂಡಲೇ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ: ಇವತ್ತಿನದು, ನಿನ್ನೆಯದು, ಹೋದ ವಾರದ್ದು. ಹೊಸತು ಕೆಟ್ಟರೆ ಹಳೆಯದನ್ನು ಆರಿಸಿದರಾಯಿತು, ಏನೂ ಆಗದವರ ಹಾಗೆ ಕೆಲಸಕ್ಕೆ ಕೂರಬಹುದು. ಮಗಳು ಇದನ್ನು ಹೇಳಿದಾಗ ನಾನು ರಿಪೇರಿಯವನ ಅಂಗಡಿಯ ದಿಕ್ಕಿಗೆ ತಿರುಗಿ ಮನಸಾರೆ ನಕ್ಕಿದ್ದೆ.

ಇನ್ನು ಮಾವನ ವಿಷಯ. ನನ್ನ ಮಾವ ಉಡುಪಿಯ ಕಡೆಯಿಂದ ಸಣ್ಣ ಪ್ರಾಯದಲ್ಲಿ ಬಂದು, ದಾದರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವಲ್ಲಿಂದ ಹಿಡಿದು ಭಟ್ಟರಾಗಿ ಅಡುಗೆಮನೆ ಆಳುವವರೆಗೆ ಏರಿದವರು. ಅವರಿಗೆ ಹೋಟೆಲು ಹೊಟ್ಟೆಪಾಡು, ತಾಳಮದ್ದಳೆ ಪ್ರಾಣ. ಯಕ್ಷಗಾನದಿಂದ ವೇಷ, ಕುಣಿತ ಎಲ್ಲ ತೆಗೆದರೆ ಉಳಿಯುವುದೇ ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ, ಅರ್ಥ ಹೇಳುವವರು ಪಂಚೆ ಶಾಲಿನಲ್ಲಿ ಎದುರುಬದುರು ಕುಳಿತು ಪಾತ್ರವಾಗಿ ವಾದಿಸುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವನು ಹೊಡೆದ ಮಾತನ್ನು ಅಲ್ಲೇ ಹಿಡಿದು ಅಲ್ಲೇ ತಿರುಗಿಸಬೇಕು. ಭಾನುವಾರ ಮಧ್ಯಾಹ್ನ ದಾದರಿನ ಒಂದು ಸಣ್ಣ ಹಾಲಿನಲ್ಲಿ ಅವರ ಕೂಟ ನಡೆಯುತ್ತಿತ್ತು. ಹೋಟೆಲಿನಿಂದ ನಿವೃತ್ತರಾದ ಮೇಲೂ ಮಾವ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ.

ಕಳೆದ ಮಳೆಗಾಲದಲ್ಲಿ ಅವರು ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ನಡೆಯುತ್ತಾರೆ, ಆದರೆ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ. ಮೇಲಿನ ಮಹಡಿಯಿಂದ ಇಳಿದು, ಲೋಕಲ್ ಹತ್ತಿ, ದಾದರಿನ ಆ ಜನಜಾತ್ರೆಯನ್ನು ದಾಟುವುದು ಇನ್ನು ಆಗದ ಮಾತು. ಕೂಟದವರು ಪಾಪ, ಒಳ್ಳೆಯವರು. ಫೋನಿನಲ್ಲೇ ಅರ್ಥ ಹೇಳಿ ಎಂದರು. ಮಾವ ಹೇಳಿದರು. ಆದರೆ ಹಾಲಿನ ಸ್ಪೀಕರಿನಲ್ಲಿ ಅವರ ಸ್ವರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳಿತಂತೆ. ಸಭೆಯಲ್ಲಿ ಯಾರೋ ನಕ್ಕರು. ಆ ನಗು ಫೋನಿನಲ್ಲಿ ಮಾವನಿಗೆ ಸ್ಪಷ್ಟವಾಗಿ ಕೇಳಿತ್ತು.

ಮುಂದಿನ ವಾರದಿಂದ ಅವರ ಪಾತ್ರಗಳು ಒಂದೊಂದಾಗಿ ಬೇರೆಯವರ ಪಾಲಾದವು. ಮಾವ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಬಾಲ್ಕನಿಯಲ್ಲಿ ಕುಳಿತು, ಎದುರಿನ ಬಿಲ್ಡಿಂಗಿನ ಗೋಡೆಯ ಜೊತೆ ಗುನುಗುನು ವಾದ ಮಾಡುತ್ತಿದ್ದರು. ಗೋಡೆ ತಿರುಗಿ ಮಾತಾಡುವುದಿಲ್ಲವಲ್ಲ, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ನಾನೇ ಭಾಗವತರಿಗೆ ಫೋನು ಮಾಡಿದೆ. “ನಮ್ಮಲ್ಲಿ ಕಂಪ್ಯೂಟರ್ ಉಂಟು, ಅದರಲ್ಲೇ ವಿಡಿಯೋ ಕಾಲ್ ಮಾಡುವ, ಒಳ್ಳೆಯ ಮೈಕು ತರಿಸುತ್ತೇನೆ, ಸ್ವರ ಹಾಲಿನಲ್ಲಿ ಕೂತವರ ಹಾಗೆಯೇ ಬರುತ್ತದೆ” ಎಂದೆ.

“ಆಯ್ತಮ್ಮ, ಈ ಭಾನುವಾರ ನೋಡುವ. ದೂತನ ಪಾತ್ರ ಅವರಿಗೇ ಇಡ್ತೇನೆ. ಆದರೆ ಒಂದು ಮಾತು, ಬೇಜಾರು ಮಾಡ್ಬೇಡಿ. ಈ ಸರ್ತಿಯೂ ಸರಿ ಬರದಿದ್ದರೆ ಮತ್ತೆ ನನ್ನ ಹತ್ತಿರ ಹೇಳ್ಲಿಕ್ಕಿಲ್ಲ. ಸಭೆಯವರು ನನ್ನನ್ನು ಕೇಳ್ತಾರೆ.”

ಮಾವನಿಗೆ ವಿಷಯ ಹೇಳಿದೆ. ಅವರು ‘ಹೌದಾ’ ಎಂದರು ಅಷ್ಟೆ. ಆದರೆ ಅವತ್ತೇ ಕಪಾಟಿನಿಂದ ಜರಿಯ ಶಾಲು ತೆಗೆದು ಬಿಸಿಲಿಗೆ ಹಾಕಿದರು.

ಮೈಕು ಬಂತು. ಮಗಳು ಪವಾಯಿಯಿಂದಲೇ ಹೇಳಿಕೊಟ್ಟಳು, ನಾನು ಫೈಲಿನಲ್ಲಿ ಬೇಕಾದ ಸಾಲು ಸೇರಿಸಿದೆ. ಶನಿವಾರ ಬೆಳಿಗ್ಗೆ ಅವಳ ಜೊತೆ ಪರೀಕ್ಷೆ ಮಾಡಿದೆವು. “ಅಜ್ಜ ನನ್ನ ರೂಮಲ್ಲೇ ಕೂತ ಹಾಗೆ ಕೇಳ್ತಿದೆ!” ಎಂದಳು. ಎಲ್ಲ ಸರಿಯಾಗಿತ್ತು. ಅಲ್ಲಿಗೆ ನಾನು ಕೈ ಕಟ್ಟಿ ಕೂರಬೇಕಾಗಿತ್ತು.

ಆದರೆ ನಮ್ಮಲ್ಲಿ ಮನೆಗೆ ನೆಂಟರು ಬರುವ ಹಿಂದಿನ ದಿನ ಗುಡಿಸಿ ಸಾರಿಸದೆ ಇರಲು ಬರುವುದಿಲ್ಲ. ಭಾಗವತರು ಪರದೆಯ ಮೇಲೆ ಬರುವವರಿದ್ದರು, ಆದರೂ ಬರುವವರೇ ತಾನೇ. ಸಂಜೆ ಫೈಲನ್ನು ತೆರೆದು ಕೂತೆ. ಮಗಳು, ನಾನು ಇಬ್ಬರೂ ಕೈಯಾಡಿಸಿ ಅದು ಅಡ್ಡಾದಿಡ್ಡಿಯಾಗಿತ್ತು. ಸಾಲುಗಳನ್ನು ಒಪ್ಪವಾಗಿ ಜೋಡಿಸಿದೆ. ಯಾಕಿವೆ, ಯಾರು ತಂದಿಟ್ಟರು ಎಂದು ನನಗೆ ನೆನಪಿಗೆ ಬಾರದ ಕೆಲವನ್ನು ಅಳಿಸಿದೆ. ಯಂತ್ರವನ್ನು ಹೊಸದಾಗಿ ಕಟ್ಟಿಸಿದೆ. ಒಂದು ದೇವರನಾಮ ಹಾಕಿ ನೋಡಿದೆ, ಗಣಗಣ ಕೇಳಿತು.

ಮಾವ ಪಕ್ಕದ ಕುರ್ಚಿಯಲ್ಲಿ ಕುಳಿತು ಕಷಾಯ ಕುಡಿಯುತ್ತಿದ್ದರು. ನಾನು ಉಳಿಸಿಕೊಂಡ ಹಳೆಯ ಸ್ಥಿತಿಗಳ ಪಟ್ಟಿಯನ್ನು ತೆರೆದೆ. ಅದು ಪರದೆಯ ಮೇಲಿಂದ ಕೆಳಗಿನ ತನಕ ಇತ್ತು.

“ಇದೆಂತ ಮಗಾ, ಇಷ್ಟುದ್ದ?”

“ಹಳೆಯವು ಮಾವ. ಹೊಸತು ಕೆಟ್ಟರೆ ಹಿಂದಕ್ಕೆ ಹೋಗಲಿಕ್ಕೆ ಇಟ್ಟದ್ದು.”

ಮಾವ ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಹೋಟೆಲಿನ ಭಟ್ಟರು ಬಂದು ಕೂತರು. “ನಿನ್ನೆಯ ಸಾಂಬಾರು ಇಟ್ಟುಕೊಂಡು ಇವತ್ತು ಹೋಟೆಲು ನಡೆಸ್ತಾರಾ? ಶಟರು ಎಳೆಯುವ ಮೊದಲು ಪಾತ್ರೆ ಖಾಲಿ ಆಗ್ಬೇಕು, ಕಟ್ಟೆ ತೊಳೆದಾಗ್ಬೇಕು. ಹಳೆಯದು ಉಂಟು ಅಂತ ಗೊತ್ತಿದ್ದರೆ ಹೊಸತು ಮಾಡುವವನ ಕೈ ಸೋಮಾರಿ ಆಗ್ತದೆ. ತೆಗೆದು ಬಿಸಾಡು.”

ಇದು ನಮ್ಮ ಮನೆಯ ಕಾನೂನು. ನಾನು ಬಂದಂದಿನಿಂದ ಫ್ರಿಜ್ಜಿನಲ್ಲಿ ನಿನ್ನೆಯ ಪಲ್ಯ ಇಟ್ಟು ಗೊತ್ತಿಲ್ಲ. ಮೇಲಾಗಿ ಡಿಸ್ಕು ತುಂಬುತ್ತ ಬಂದಿದೆ ಎಂದು ಯಂತ್ರವೂ ಆಗಾಗ ಗೊಣಗುತ್ತಿತ್ತು. ನನಗೆ ಮಾವನ ಮಾತು ಬಹಳ ಸರಿಯೆನಿಸಿತು. ಹಳೆಯದನ್ನೆಲ್ಲ ಗುಡಿಸಿ ಹಾಕುವ ಆಜ್ಞೆ ಕೊಟ್ಟೆ. ಪಟ್ಟಿಯಲ್ಲಿ ಒಂದೇ ಒಂದು ಸಾಲು ಉಳಿಯಿತು. ಯಂತ್ರ ಆರಿಸಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿದೆ. ಇನ್ನು ನಾಳೆಯವರೆಗೆ ಯಾರೂ ಮುಟ್ಟಬಾರದು ಎಂದು ಮಾವ ಹೇಳಿದರು, ನಾನೂ ಹೌದೆಂದೆ.

ಭಾನುವಾರ ಮಾವ ಊಟ ಅರ್ಧಕ್ಕೇ ಬಿಟ್ಟರು. ಹೊಟ್ಟೆ ತುಂಬಿದರೆ ಮಾತು ಮಲಗುತ್ತದೆ ಎಂಬುದು ಅವರ ಅಭಿಪ್ರಾಯ. ಬಿಳಿ ಪಂಚೆ, ಜರಿಯ ಶಾಲು, ಹಣೆಗೆ ಗಂಧ. ವಾಕರನ್ನು ಬದಿಗಿಟ್ಟು ಮೈಕಿನ ಮುಂದೆ ರಾಜನ ಸಭೆಗೆ ಬಂದವರ ಹಾಗೆ ನೆಟ್ಟಗೆ ಕೂತರು. ನಾನು ಕಸೂತಿ ಬಟ್ಟೆ ತೆಗೆದು ಯಂತ್ರ ಹಚ್ಚಿದೆ. ದಾದರಿನ ಕೂಟದವರು ಪರದೆಯ ಮೇಲೆ ಬಂದರು. ಭಾಗವತರ ಬಾಯಿ ಆಡುತ್ತಿತ್ತು, ಮದ್ದಳೆಯವರ ಕೈ ಆಡುತ್ತಿತ್ತು. ಒಂದಿಷ್ಟೂ ಸದ್ದಿಲ್ಲ.

ವಯರು ಎಳೆದು ಮತ್ತೆ ಸಿಕ್ಕಿಸಿದೆ. ಸ್ಪೀಕರಿನ ಬೆನ್ನಿಗೆ ತಟ್ಟಿದೆ. ಮೈಕಿಗೆ ‘ಹಲೋ ಹಲೋ’ ಅಂದೆ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಚಿತ್ರದ ಮೇಲೆ ಒಂದು ಅಡ್ಡಗೀಟು ಮಾತ್ರ ನನ್ನನ್ನು ನೋಡುತ್ತಿತ್ತು. ಮಗಳಿಗೆ ಫೋನು ಮಾಡಿದೆ. ಅವಳು ಅಜ್ಜನ ಅರ್ಥ ಕೇಳಲೆಂದು ಅಂಧೇರಿಯಿಂದ ಲೋಕಲ್ ಹತ್ತಿ ಮನೆಗೇ ಬರುತ್ತಿದ್ದಳು. ಭಾನುವಾರವಾದ್ದರಿಂದ ರೈಲಿನವರು ಹಳಿಯ ರಿಪೇರಿಗೆ ಬ್ಲಾಕ್ ಇಟ್ಟಿದ್ದರು, ಅವಳ ಗಾಡಿ ಗೋರೆಗಾಂವ್ ದಾಟಿ ನಡುದಾರಿಯಲ್ಲಿ ನಿಂತಿತ್ತು.

“ಅಮ್ಮಾ, ಟೆನ್ಶನ್ ಮತ್ ಲೋ. ರೀಸ್ಟಾರ್ಟ್ ಮಾಡು. ಲಿಸ್ಟ್ ಬರ್ತದಲ್ಲ, ಅದರಲ್ಲಿ ನಿನ್ನೆದು ಸೆಲೆಕ್ಟ್ ಮಾಡು. ಹೋ ಗಯಾ.”

“ನಿನ್ನೆಯದು ಇಲ್ಲ.”

“ಇಲ್ಲ ಮೀನ್ಸ್?”

“ಬಿಸಾಡಿದೆ.”

“ಅಚ್ಛಾ, ಮೊನ್ನೆದು?”

“ಅದನ್ನೂ ಬಿಸಾಡಿದೆ. ಎಲ್ಲ ಬಿಸಾಡಿದೆ.”

ಫೋನಿನಲ್ಲಿ ರೈಲುಡಬ್ಬಿಯ ಹೆಂಗಸರ ಗಲಾಟೆ ಮಾತ್ರ ಕೇಳಿತು. ಆಮೇಲೆ ಬಹಳ ಮೆಲ್ಲಗೆ, “ಅಮ್ಮಾ... ವೈ?”

“ಹೋಟೆಲಿನಲ್ಲಿ ಹಳೆಯದು ಇಡಬಾರದು ಅಂತ ಅಜ್ಜ ಹೇಳಿದರು.”

“ಅಯ್ಯೋ, ಇದು ಸಾಂಬಾರ್ ಅಲ್ಲಮ್ಮಾ!” ಎಂದು ಅವಳು ಕಿರುಚಿದ್ದಕ್ಕೆ ಡಬ್ಬಿಯ ಗಲಾಟೆಯೂ ಒಮ್ಮೆ ನಿಂತಿತು. “ಫೈಲ್‌ನಲ್ಲಿ ಏನಾದರೂ ತೆಗೆದೆಯಾ?”

ತೆಗೆದದ್ದು ಹೇಳಿದೆ. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ಗೊತ್ತಿಲ್ಲವೆಂದು ನಾನು ಅಳಿಸಿದ ಸಾಲುಗಳೇ ಯಂತ್ರಕ್ಕೆ ಕಿವಿ ಬಾಯಿ ಕೊಡುವ ಸಾಲುಗಳಾಗಿದ್ದವು. ಹಿಂದಿನ ಸಂಜೆ ದೇವರನಾಮ ಕೇಳಿದ್ದು ಯಂತ್ರ ಆರಿಸದೆ ಇದ್ದುದರಿಂದ, ಮೊದಲೇ ಓಡುತ್ತಿದ್ದದ್ದು ಹಾಗೇ ಓಡುತ್ತಿತ್ತು. ಆರಿಸಿ ಹಚ್ಚಿದ ಮೇಲೆ ಯಂತ್ರ ಫೈಲನ್ನು ನೋಡಿತು, ಅದರಲ್ಲಿ ಸದ್ದಿನ ಮಾತೇ ಇಲ್ಲ, ಹಾಗಾಗಿ ಸುಮ್ಮನಾಯಿತು. ಅದರ ತಪ್ಪಿಲ್ಲ. ನಾನು ಹೇಳಿದ ಹಾಗೆಯೇ ಕೇಳಿದ ವಿಧೇಯ ಪ್ರಾಣಿ ಅದು. ಆಗ ನನಗೆ ಬೇಕಾಗಿದ್ದದ್ದು ಸ್ವಲ್ಪ ಅವಿಧೇಯತೆ.

“ನಾನು ಲೈನ್ ಮೆಸೇಜ್ ಮಾಡ್ತೇನೆ. ಹಾಗೇ ಟೈಪ್ ಮಾಡು, ಪ್ಲೀಸ್, ನಿನ್ನ ತಲೆ ಓಡಿಸ್ಬೇಡ” ಎಂದು ಅವಳು ಫೋನಿಟ್ಟಳು.

ಮಾವ ಇದನ್ನೆಲ್ಲ ಕೇಳುತ್ತಿದ್ದರು. ನಾನು ಮುಚ್ಚಿಡಲಿಲ್ಲ. ಸ್ವರ ಬರುತ್ತಿಲ್ಲ, ಹಳೆಯದು ಬಿಸಾಡಿದ್ದರಿಂದ ಹಿಂದಕ್ಕೂ ಹೋಗುವ ಹಾಗಿಲ್ಲ, ಹೊಸದಾಗಿ ಬರೆದು ಕಟ್ಟಿಸಬೇಕು ಎಂದೆ. ಅವರು ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

“ಬಿಸಾಡ್ಲಿಕ್ಕೆ ಹೇಳಿದ್ದು ನಾನೇ ಅಲ್ವಾ” ಎಂದರು. ಮತ್ತೆ, “ಇವತ್ತು ಆಗದಿದ್ದರೆ ಇನ್ನು ಅವರು ನನ್ನನ್ನು ಕರೆಯುವುದಿಲ್ಲ ಮಗಾ” ಎಂದರು.

ಆ ಮಾತು ನನ್ನ ಎದೆಗೆ ನಾಟಿತು. ಕೀಬೋರ್ಡಿನತ್ತ ತಿರುಗಿದೆ.

ಮೆಸೇಜು ಬಂತು. ಅಕ್ಷರಕ್ಕೆ ಅಕ್ಷರ ನೋಡಿ ಬರೆದೆ. ಆಜ್ಞೆ ಕೊಟ್ಟೆ. ಯಂತ್ರ ಪುಟಗಟ್ಟಲೆ ಇಂಗ್ಲಿಷು ಕಾರಿತು. ಅರ್ಧವಿರಾಮ! ಯಾವ ಸಾಲಿನಲ್ಲಿ? ಕನ್ನಡಕ ಮೇಲೆ ಕೆಳಗೆ ಮಾಡಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದು ಬಂದೆ. ಇಡೀ ಮುಂಬಯಿಯ ಕರೆಯೋಲೆಗಳ ತಪ್ಪು ತಿದ್ದುವವಳು ನಾನು, ನನ್ನ ಫೈಲಿನ ಒಂದು ಚುಕ್ಕೆ ಕಣ್ಣಿಗೆ ಬೀಳುತ್ತಿಲ್ಲ. ಕಡೆಗೆ ಸಿಕ್ಕಿತು. ಮತ್ತೆ ಆಜ್ಞೆ ಕೊಟ್ಟೆ. ಈ ಸಲ ಯಂತ್ರ ಒಪ್ಪಿತು. ಆದರೆ ಸದ್ದಿಗೆ ಬೇಕಾದ ಸಾಮಾನನ್ನೆಲ್ಲ ಹಿಂದಿನ ದಿನ ನಾನೇ ಗುಡಿಸಿ ಹೊರಗೆ ಹಾಕಿದ್ದೆನಲ್ಲ, ಅದನ್ನೆಲ್ಲ ಅದು ಇಂಟರ್ನೆಟ್ಟಿನಿಂದ ಮತ್ತೆ ಹೊತ್ತು ತರಬೇಕಿತ್ತು. ನಮ್ಮ ಕೇಬಲಿನವನ ಇಂಟರ್ನೆಟ್ಟಿಗೆ ಭಾನುವಾರ ಮಧ್ಯಾಹ್ನ ಊಟದ ಮೇಲಿನ ನಿದ್ದೆ. ಪರದೆಯ ಮೇಲಿನ ಗೆರೆ ಹರಿದಾಡುವುದೋ ಬೇಡವೋ ಎಂದು ಮುಂದಕ್ಕೆ ಜರುಗುತ್ತಿತ್ತು.

ಭಾಗವತರ ಫೋನು ಬಂತು. ಹಿಂದಿನಿಂದ ಚೆಂಡೆಯ ಸದ್ದು. “ಎಂತಮ್ಮ, ಪೀಠಿಕೆ ಮುಗೀತಾ ಬಂತು. ಮುಂದಿನದು ದೂತನ ಪ್ರವೇಶ. ಇಲ್ಲಿ ಇನ್ನೊಬ್ಬರು ಶಾಲು ಹೊದ್ದು ರೆಡಿ ಕೂತಿದ್ದಾರೆ. ಅವರನ್ನೇ ಕೂರಿಸುವುದಾ?”

“ಒಂದು ಪದ್ಯ ಎಳೆದು ಹಾಡಿ” ಎಂದೆ.

“ಎಳೆದು ಅಂದರೆ?”

“ನೀವು ಭಾಗವತರು. ಹೇಗೆ ಅಂತ ನಾನು ಹೇಳಬೇಕಾ? ಎಳೆದು ಹಾಡಬೇಕು, ಅಷ್ಟೆ!” ಎಂದು ಫೋನಿಟ್ಟೆ. ಇಟ್ಟ ಮೇಲೆ, ದೊಡ್ಡವರ ಹತ್ತಿರ ಹೀಗೆ ಮಾತಾಡಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಭಾಗವತರು ಹಾಡಿದರು. ಪರದೆಯಲ್ಲಿ ಅವರ ಬಾಯಿ ತೆರೆದದ್ದು ಮುಚ್ಚುವುದೇ ಇಲ್ಲ. ಮದ್ದಳೆಯವರು ಮೊದಲು ಅವರ ಮುಖ ನೋಡಿದರು, ಆಮೇಲೆ ಹೆಗಲು ಕುಣಿಸಿ ತಾವೂ ಶುರು ಮಾಡಿದರು. ಮೂಲೆಯಲ್ಲಿ ಶಾಲು ಹೊದ್ದು ಕಾಯುತ್ತಿದ್ದವರು ಎರಡು ಸಲ ಎದ್ದು ಎರಡು ಸಲವೂ ಕೂತರು. ಮಾವ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದರು.

ಗೆರೆ ತುದಿ ಮುಟ್ಟಿತು. ಯಂತ್ರ ಆರಿಸಿ ಹಚ್ಚಿ, ಕೂಟದವರನ್ನು ಮತ್ತೆ ಪರದೆಗೆ ಕರೆದೆ. ಕೋಣೆ ತುಂಬ ಒಮ್ಮೆಲೇ ಚೆಂಡೆ ಬಡಿಯಿತು, ನಾನು ಹೆದರಿ ಎದ್ದು ನಿಂತೆ. ಮಾವ ಹೆದರಲಿಲ್ಲ. ಗಂಟಲು ಸರಿಮಾಡಿಕೊಂಡು, ಪದ್ಯ ಮುಗಿದ ಜಾಗಕ್ಕೆ ಸರಿಯಾಗಿ ಬಾಯಿ ತೆರೆದರು.

“ಮಹಾರಾಜಾ, ಬಾಗಿಲಲ್ಲಿ ಬಹಳ ಹೊತ್ತು ನಿಲ್ಲಿಸಿದೆ. ನಿನ್ನ ಅರಮನೆಯ ಬಾಗಿಲು ಅಷ್ಟು ಭದ್ರವೋ, ಅಲ್ಲ ಬಂದವನ ಮಾತಿಗೆ ನಿನಗೆ ಅಷ್ಟು ಭಯವೋ?”

ಹಾಲಿನಲ್ಲಿ ಜನ ಹೋ ಎಂದರು. ಆ ಸ್ವರ ತಗಡಿನ ಡಬ್ಬಿಯದಾಗಿರಲಿಲ್ಲ. ಹಿಂದೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಹೋಟೆಲಿನ ಕೊನೆಯ ಟೇಬಲಿಗೂ ಕೇಳುವ ಹಾಗೆ ಅರ್ಥ ಹೇಳುತ್ತಿದ್ದ ಸ್ವರ. ನನಗೆ ಅಳು ಬಂತು, ಮೈಕಿಗೆ ಕೇಳಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡೆ.

ಎದುರಿನ ರಾಜನ ಅರ್ಥ ಹೇಳುತ್ತಿದ್ದವರು ಠಾಣೆಯ ಒಬ್ಬ ವಕೀಲರು. ಅವರ ನಾಲಿಗೆಗೆ ಸಿಕ್ಕಿದವರು ವಾರಗಟ್ಟಲೆ ಕೂಟಕ್ಕೆ ಬರುವುದಿಲ್ಲ ಎಂದು ಹೆಸರು. ಆದರೆ ಅವತ್ತು ಅವರು ಬೆಣ್ಣೆಯಾಗಿದ್ದರು. “ಹಿರಿಯನಾದ ದೂತನೇ, ದೂರದಿಂದ ಬಂದು ದಣಿದಿದ್ದೀಯೆ. ನಿನ್ನ ಮಾತಿನಲ್ಲಿ ಅನುಭವವಿದೆ, ಒಪ್ಪಿದೆ” ಎಂದರು. ಮಾವ ಇನ್ನೊಂದು ಮಾತು ಎಸೆದರು. “ಅದನ್ನೂ ಒಪ್ಪಿದೆ” ಎಂದರು. ಇನ್ನೊಂದಕ್ಕೆ ಕೈಯನ್ನೇ ಮುಗಿದರು. ಸಭೆ ಪ್ರೀತಿಯಿಂದ ಚಪ್ಪಾಳೆ ತಟ್ಟಿತು. ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂದು ನಾನು ಉಸಿರು ಬಿಟ್ಟೆ. ಮಾವನ ಮುಖ ನೋಡಿದರೆ ಅದು ಬಾಡುತ್ತಿತ್ತು. ಬಾಲ್ಕನಿಯಲ್ಲಿ ಗೋಡೆಯ ಮುಂದೆ ಕೂತಾಗ ಹೀಗೆಯೇ ಇರುತ್ತಿತ್ತು ಅದು.

ಇದ್ದಕ್ಕಿದ್ದ ಹಾಗೆ ಅವರು ಮೈಕಿನ ಹತ್ತಿರಕ್ಕೆ ಬಾಗಿದರು.

“ರಾಜಾ, ನಾನು ಏನು ಹೇಳಿದರೂ ಒಪ್ಪುತ್ತಿದ್ದೀಯೆ. ಹಾಗಾದರೆ ನಿನ್ನ ಅರ್ಧ ರಾಜ್ಯ ಕೊಡು, ಹೊರಡುತ್ತೇನೆ. ಕೊಡುವುದಿಲ್ಲವೋ? ಹಾಗಾದರೆ ಈ ಒಪ್ಪಿಗೆ ನನ್ನ ಮಾತಿಗಲ್ಲ, ನನ್ನ ನರೆತ ತಲೆಗೆ. ನಿನ್ನ ಸಭೆಗೆ ಬಂದದ್ದು ಒಬ್ಬ ಶತ್ರುವಿನ ದೂತ. ಅವನಿಗೆ ಮಣೆ ಹಾಕಿ ಹಾಲು ಕುಡಿಸುವ ರಾಜ, ಒಂದೋ ಹೇಡಿ, ಇಲ್ಲ ದಡ್ಡ. ನೀನು ಎರಡರಲ್ಲಿ ಯಾವುದು?”

ವಕೀಲರು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು, ಕೂತಲ್ಲೇ ಒಂದು ಗೇಣು ಎತ್ತರವಾದರು. ಆಮೇಲೆ ಶುರುವಾಯಿತು ನೋಡಿ. ದೂತನನ್ನು ಕಳಿಸಿದ ಒಡೆಯ ಎಂಥವನು, ಕಳಿಸಲು ಪ್ರಾಯದವನೊಬ್ಬನೂ ಸಿಗದಷ್ಟು ಅವನ ಸೈನ್ಯ ಬರಿದಾಗಿದೆಯೋ, ಅನ್ನದ ಋಣಕ್ಕೆ ನಾಲಿಗೆ ಮಾರಿಕೊಂಡವನು ಧರ್ಮ ಹೇಳುವುದೇನು ಎಂದು ಎತ್ತಿ ಎತ್ತಿ ಕುಕ್ಕಿದರು. ಮಾವ ತಿರುಗಿಸಿ ಹೊಡೆದರು. ಅವರು ಅದನ್ನೇ ಹಿಡಿದು ಮತ್ತೆ ಹೊಡೆದರು. ನನಗೆ ಸಿಟ್ಟು ಬಂತು, ಈ ಪ್ರಾಯದವರ ಹತ್ತಿರ ಹೀಗೆ ಮಾತಾಡುವುದೇ ಎಂದು ಯಂತ್ರವನ್ನೇ ಆರಿಸಿಬಿಡೋಣವೆನಿಸಿತು. ಕೊನೆಗೆ ವಕೀಲರು ಒಂದು ಪ್ರಶ್ನೆ ಕೇಳಿದರು, ಮಾವನಿಗೆ ಉತ್ತರ ಹೊಳೆಯಲಿಲ್ಲ. ಭಾಗವತರು ತಾಳ ತಟ್ಟಿ ಮುಂದಿನ ಪದ್ಯ ಎತ್ತಿದರು. ದೂತ ಸೋತು ಹೊರಟ.

ಅಷ್ಟರಲ್ಲಿ ಮಗಳು ಬಂದು ಬಾಗಿಲಲ್ಲಿ ಬೆವರು ಒರೆಸುತ್ತ ನಿಂತಿದ್ದಳು. ಆ ಕನ್ನಡ ಅವಳಿಗೆ ಅರ್ಧವೂ ಅರ್ಥವಾಗಿರಲಿಲ್ಲ. ನಾನು ಮೈಕಿನ ಬಾಯಿ ಮುಚ್ಚಿದೆ. ಮಾವ ಶಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರ ಎದೆ ಏರಿ ಇಳಿಯುತ್ತಿತ್ತು, ಕಣ್ಣು ಹೊಳೆಯುತ್ತಿತ್ತು.

“ಅಜ್ಜ ಜೀತ್ ಗಯೇ ಕ್ಯಾ?” ಎಂದು ಅವಳು ಪಿಸುಗುಟ್ಟಿದಳು.

“ಸೋತರು” ಎಂದೆ.

“ಮತ್ತೆ ಇಷ್ಟು ಖುಷ್ ಯಾಕೆ?”

ಮಾವ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಕೇಳಿದೆಯಾ ಮಗೂ, ಎಂಥ ಬೈಗಳು ಬೈದ ನನಗೆ! ಬಿಡಲಿಲ್ಲ ಅವನು. ನನ್ನನ್ನು ಬಿಡಲೇ ಇಲ್ಲ!”